ಸ್ಕ್ರೀನ್ ರೆಕಾರ್ಡ್ ಮಾಡುವ ಮೊದಲು ಮೈಕ್ ಕಡೆ ನೋಡಿ

ಕಂಪ್ಯೂಟರ್‌ನಲ್ಲಿ ಒಂದು ಕೆಲಸ ಹೇಗೆ ಮಾಡಬೇಕು ಅಂತ ತೋರಿಸಲು ಸ್ಕ್ರೀನ್‌ಕಾಸ್ಟ್‌ಗಿಂತ ಒಳ್ಳೆಯ ದಾರಿ ಇಲ್ಲ. ಸ್ಕ್ರೀನ್ ಮೇಲೆ ನಡೆಯುವುದು ರೆಕಾರ್ಡ್ ಆಗುತ್ತದೆ, ನೀವು ಮಾತಿನಲ್ಲಿ ವಿವರಿಸುತ್ತಾ ಹೋಗುತ್ತೀರಿ, ಮುಗಿದ ಮೇಲೆ ವೆಬ್‌ಸೈಟಿಗೆ ಹಾಕುತ್ತೀರಿ. ಹೊಸಬರು ಮಾಡಿದ ಇಂಥ ವಿಡಿಯೋಗಳನ್ನು ನಾನು ಸಾಕಷ್ಟು ನೋಡಿದ್ದೇನೆ. ಹೆಚ್ಚಿನವು ಕೆಟ್ಟಿರುವುದು ದನಿಯಿಂದ. ಮೌಸ್ ಸ್ವಲ್ಪ ತಡವರಿಸಿದರೂ ಜನ ನೋಡುತ್ತಾರೆ. ಮಾತು ಬಾವಿಯೊಳಗಿಂದ ಬಂದ ಹಾಗಿದ್ದರೆ ಅರ್ಧ ನಿಮಿಷವೂ ಕೂರುವುದಿಲ್ಲ.

ಮೊದಲು ಸಾಫ್ಟ್‌ವೇರ್. ಶುರುವಿನಲ್ಲೇ ದುಡ್ಡು ಕೊಡಬೇಡಿ. ಒಬಿಎಸ್ ಸ್ಟುಡಿಯೋ ಉಚಿತ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಸಣ್ಣ ಕೆಲಸವಾದರೆ ಮ್ಯಾಕ್‌ನಲ್ಲಿ ಶಿಫ್ಟ್, ಕಮಾಂಡ್, 5 ಒಟ್ಟಿಗೆ ಒತ್ತಿದರೂ ಸಾಕು. ವಿಂಡೋಸ್ ಜೊತೆಗೇ ಬರುವ ಗೇಮ್ ಬಾರ್ ಎಂಬ ರೆಕಾರ್ಡರ್ ಸುಲಭ ಅಂತ ಹಲವರು ಅದಕ್ಕೇ ಕೈ ಹಾಕುತ್ತಾರೆ. ಅದು ಒಂದು ಆ್ಯಪ್‌ನ ಕಿಟಕಿಯನ್ನಷ್ಟೇ ಹಿಡಿಯುತ್ತದೆ, ಡೆಸ್ಕ್‌ಟಾಪನ್ನು ಹಿಡಿಯುವುದಿಲ್ಲ. ಉಚಿತ ಅಂತ ಹೇಳಿ ಕೊನೆಗೆ ವಿಡಿಯೋ ಮೇಲೆ ತಮ್ಮ ಹೆಸರು ಒತ್ತುವ ಸಾಫ್ಟ್‌ವೇರ್‌ಗಳ ಹತ್ತಿರ ಹೋಗಲೇಬೇಡಿ.

ಎರಡನೆಯದು ಸ್ಕ್ರೀನ್ ಸಜ್ಜು ಮಾಡುವುದು. 1920x1080 ಅಳತೆ, ಸೆಕೆಂಡಿಗೆ 30 ಫ್ರೇಮ್ ಇಟ್ಟುಕೊಳ್ಳಿ. ನೋಟಿಫಿಕೇಶನ್ ಆಫ್ ಮಾಡಿ, ನಿಮ್ಮ ಸ್ವಂತ ಮೇಲ್, ಪಾಸ್‌ವರ್ಡ್ ಕಾಣುವಂಥದ್ದನ್ನೆಲ್ಲ ಮುಚ್ಚಿ. ಬ್ರೌಸರ್ ಜೂಮ್ ಶೇಕಡ 150ಕ್ಕೆ ಏರಿಸಿ. ನಿಮಗೆ ಅದು ತೀರಾ ದೊಡ್ಡದು ಅನ್ನಿಸುತ್ತದೆ, ಅನ್ನಿಸಲಿ. ನೋಡುವವರ ಕೈಯಲ್ಲಿ ಇರುವುದು ಫೋನು.

ಹೇಳಬೇಕಾದದ್ದನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ.

ಈಗ ದನಿ. ಇಲ್ಲಿ ಮಾತ್ರ ಅವಸರ ಬೇಡ.

ಲ್ಯಾಪ್‌ಟಾಪ್‌ನ ಒಳಗಿನ ಮೈಕ್ ಫ್ಯಾನಿಗೂ ಕೀಬೋರ್ಡಿಗೂ ಹತ್ತಿರ, ನಿಮ್ಮ ಬಾಯಿಗೆ ದೂರ. ಹಾಗಾಗಿ ಅದಕ್ಕೆ ನಿಮ್ಮ ಮಾತಿಗಿಂತ ಟಕಟಕ ಸದ್ದೇ ಜಾಸ್ತಿ ಕೇಳಿಸುತ್ತದೆ. ಯುಎಸ್‌ಬಿ ಮೈಕ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಮೈಕ್ ಇರುವ ವೈರ್ ಇಯರ್‌ಫೋನ್ ಹಾಕಿಕೊಳ್ಳಿ. ಬ್ಲೂಟೂತ್ ಹೆಡ್‌ಸೆಟ್ ಬೇಡ. ಅದರ ಮೈಕ್ ಆನ್ ಆದ ಕೂಡಲೇ ಹೆಚ್ಚಿನವು ಫೋನ್ ಕರೆಯ ಮಟ್ಟಕ್ಕೆ ಇಳಿಯುತ್ತವೆ, ದನಿ ತೆಳ್ಳಗಾಗುತ್ತದೆ.

ಮೈಕ್ ಬಾಯಿಂದ ಒಂದು ಗೇಣು ದೂರ ಇರಲಿ, ನೇರ ಎದುರಿಗಿಡದೆ ಸ್ವಲ್ಪ ಓರೆಗೆ ಇಡಿ. ಎದುರಿಗಿದ್ದರೆ ಪ, ಫ, ಬ, ಭ ಬಂದಾಗಲೆಲ್ಲ ಬಾಯಿಯ ಗಾಳಿ ಮೈಕಿಗೆ ಬಡಿದು 'ಧಬ್' ಅನ್ನುತ್ತದೆ. ಕೋಣೆಯೂ ಮುಖ್ಯ. ಬೋಳು ಗೋಡೆ, ಬರೀ ನೆಲ ಇದ್ದರೆ ಮಾತು ಬಡಿದು ವಾಪಸ್ ಬರುತ್ತದೆ. ಹಾಸಿಗೆ, ಪರದೆ, ಬಟ್ಟೆಯ ಬೀರು ಇರುವ ಕೋಣೆಯಲ್ಲಿ ಕೂತರೆ ಅವೇ ಅದನ್ನು ಹೀರಿಕೊಳ್ಳುತ್ತವೆ. ಫ್ಯಾನ್ ಆಫ್ ಮಾಡಿ, ಕಿಟಕಿ ಮುಚ್ಚಿ. ಗದ್ದಲ ತೆಗೆಯುವ ಫಿಲ್ಟರ್ ಇದೆಯಲ್ಲ ಅಂತ ಹಲವರು ಕೇಳುತ್ತಾರೆ. ಇದೆ. ಆದರೆ ಜೋರಾಗಿ ಹಾಕಿದರೆ ಮಾತಿನ ಅಂಚೂ ಕತ್ತರಿಸಿ ಹೋಗುತ್ತದೆ. ಮೊದಲೇ ಗದ್ದಲ ಕಡಿಮೆ ಮಾಡುವುದೇ ಸರಿ.

ಮುಂದೆ ಒಬಿಎಸ್ ಸೆಟ್ಟಿಂಗ್ಸ್‌ನ ಆಡಿಯೋ ಭಾಗಕ್ಕೆ ಹೋಗಿ ಮೈಕಿನ ಹೆಸರನ್ನು ನೀವೇ ಆರಿಸಿ. 'ಡಿಫಾಲ್ಟ್' ಅಂತ ಬಿಡಬೇಡಿ. ನನಗೆ ಗೊತ್ತಿರುವವರೊಬ್ಬರು ಒಳ್ಳೆಯ ಮೈಕ್ ಎದುರಿಗಿಟ್ಟುಕೊಂಡು ಪಾಠವೊಂದನ್ನು ಪೂರ್ತಿ ಹೇಳಿದರು. ರೆಕಾರ್ಡ್ ಆಗಿದ್ದು ಲ್ಯಾಪ್‌ಟಾಪ್ ಮೈಕಿನಿಂದ. ಎಲ್ಲವನ್ನೂ ಮತ್ತೆ ಹೇಳಬೇಕಾಯಿತು.

ಒಬಿಎಸ್ ಕಿಟಕಿಯ ಕೆಳಗೆ, ದನಿಯ ಮಟ್ಟ ತೋರಿಸುವ ಮಿಕ್ಸರ್‌ನಲ್ಲಿ ಹಸಿರು, ಹಳದಿ, ಕೆಂಪು ಪಟ್ಟಿ ಕುಣಿಯುತ್ತಿರುತ್ತದೆ. ಸಹಜವಾಗಿ ಮಾತಾಡಿದಾಗ ಅದು ಹಳದಿಯಲ್ಲಿ, ಅಂದರೆ ಮೈನಸ್ 20ರಿಂದ ಮೈನಸ್ 9 ಡೆಸಿಬಲ್ ನಡುವೆ ಆಡಬೇಕು. ಮೆಲ್ಲಗೆ ಬಂದ ದನಿಯನ್ನು ಆಮೇಲೆ ಏರಿಸಬಹುದು. ಸೊನ್ನೆ ಮುಟ್ಟಿ ಒಡೆದ ದನಿಯನ್ನು ಸರಿಯಾಗಿ ಜೋಡಿಸಲು ಆಗುವುದೇ ಇಲ್ಲ. ಒಂದು ನಿಮಿಷ ಸುಮ್ನೆ ಮಾತಾಡಿ ರೆಕಾರ್ಡ್ ಮಾಡಿ, ಇಯರ್‌ಫೋನ್‌ನಲ್ಲಿ ಕೇಳಿ. ಈ ಒಂದು ನಿಮಿಷವನ್ನು ಉಳಿಸಲು ಹೋಗಿ ದಿನ ಕಳೆದುಕೊಂಡವರು ಬಹಳ.

ರೆಕಾರ್ಡ್ ಮಾಡುವಾಗ ಎಂಕೆವಿ ಫಾರ್ಮ್ಯಾಟ್ ಇರಲಿ. ಸಾಮಾನ್ಯ ಎಂಪಿ4 ಆದರೆ ನಡುವೆ ಕರೆಂಟ್ ಹೋದಾಗ ಫೈಲ್ ತೆರೆಯದೇ ಹೋಗಬಹುದು. ಎಂಕೆವಿಯಲ್ಲಿ ಅಲ್ಲಿಯವರೆಗಿನ ಭಾಗ ಉಳಿಯುತ್ತದೆ. ಮುಗಿದ ಮೇಲೆ ಒಬಿಎಸ್‌ನ ಫೈಲ್ ಮೆನುವಿನಲ್ಲಿ 'ರೀಮಕ್ಸ್' ಒತ್ತಿದರೆ ಎಂಪಿ4 ಸಿಗುತ್ತದೆ. ಪಾಠವನ್ನು ಎರಡು ಮೂರು ನಿಮಿಷದ ತುಂಡುಗಳಾಗಿ ರೆಕಾರ್ಡ್ ಮಾಡಿ. ತಪ್ಪಿದರೆ ನಿಲ್ಲಿಸಬೇಡಿ. ಒಂದು ಚಪ್ಪಾಳೆ ತಟ್ಟಿ ಅದೇ ವಾಕ್ಯವನ್ನು ಮೊದಲಿಂದ ಹೇಳಿ. ಎಡಿಟಿಂಗ್‌ನಲ್ಲಿ ದನಿಯ ಗೆರೆ ನೋಡಿದರೆ ಚಪ್ಪಾಳೆ ಕಂಬದ ಹಾಗೆ ಎದ್ದು ನಿಂತಿರುತ್ತದೆ, ಕತ್ತರಿಸುವ ಜಾಗ ಹುಡುಕಬೇಕಿಲ್ಲ. ಮಾತಾಡುವಾಗ ಮೌಸನ್ನು ಸುತ್ತಿಸುತ್ತಾ ಇರಬೇಡಿ. ತೋರಿಸುವಾಗ ಮಾತ್ರ ಕದಲಿಸಿ.

ಎಡಿಟಿಂಗ್ ಅಂದರೆ ಬೇಡದ್ದನ್ನು ಕತ್ತರಿಸುವುದು, ಅಷ್ಟೇ. ಹಿನ್ನೆಲೆ ಸಂಗೀತ ಬೇಡವೇ ಬೇಡ.

ಕೊನೆಗೆ ಹ್ಯಾಂಡ್‌ಬ್ರೇಕ್ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ಹಾಕಿ ಫೈಲ್ ಚಿಕ್ಕದು ಮಾಡಿ. ವಿಡಿಯೋ ಕುಗ್ಗಿಸುವ ವಿಧಾನವಾಗಿ ಎಚ್.264 ಆರಿಸಿ, ಗುಣಮಟ್ಟ 22ರ ಸುತ್ತ ಇಡಿ, 'ವೆಬ್ ಆಪ್ಟಿಮೈಸ್ಡ್' ಟಿಕ್ ಮಾಡಿ. ಆ ಟಿಕ್ ಹಾಕಿದರೆ ಫೈಲಿನ ಸೂಚಿ ಮೊದಲಿಗೇ ಬರುತ್ತದೆ, ಪೂರ್ತಿ ಡೌನ್‌ಲೋಡ್ ಆಗುವ ಮುಂಚೆಯೇ ವಿಡಿಯೋ ಶುರುವಾಗುತ್ತದೆ. ಪುಟ ತೆರೆದ ಕೂಡಲೇ ತಾನಾಗಿ ಓಡುವಂತೆ ಇಡಬೇಡಿ. ದನಿ ಇರುವ ವಿಡಿಯೋ ತಾನಾಗಿ ಓಡಲು ಇಂದಿನ ಬ್ರೌಸರ್‌ಗಳು ಸಾಮಾನ್ಯವಾಗಿ ಬಿಡುವುದೂ ಇಲ್ಲ. ವಿಟಿಟಿ ಫೈಲಿನಲ್ಲಿ, ಅಂದರೆ ಮಾತು ಮತ್ತು ಅದು ಬರುವ ಸಮಯ ಬರೆದಿಡುವ ಫೈಲಿನಲ್ಲಿ, ಸಬ್‌ಟೈಟಲ್ ಸೇರಿಸಿ. ಕಿವಿ ಕೇಳಿಸದವರಿಗೆ ಅದೇ ಆಧಾರ, ಬಸ್ಸಿನಲ್ಲಿ ದನಿ ಆಫ್ ಮಾಡಿಕೊಂಡು ನೋಡುವವರಿಗೂ ಬೇಕಾಗುತ್ತದೆ.

ವೆಬ್‌ಸೈಟಿಗೆ ಹಾಕಿದ ಮೇಲೆ ನಿಮ್ಮ ಫೋನಿನಲ್ಲಿ ಒಮ್ಮೆ ಪೂರ್ತಿ ನೋಡಿ. ಯಾವ ತುಂಡಿನಲ್ಲಿ ಅಕ್ಷರ ಓದಲು ಕಣ್ಣು ಕಿರಿದು ಮಾಡಬೇಕಾಯಿತೋ, ಜೂಮ್ ಏರಿಸಿ ಅದೊಂದನ್ನೇ ಮತ್ತೆ ರೆಕಾರ್ಡ್ ಮಾಡಿ.