ಘಾಟಿಯಲ್ಲಿ ಲಾರಿ ಹೀಟ್ ಆದರೆ ನಾನು ಏನೇನು ನೋಡುತ್ತೇನೆ

ಸ್ಪ್ಯಾನರ್ ಹಿಡಿಯುವ ಮೊದಲು ಡ್ರೈವರನ್ನು ಕೇಳುವುದು ಒಂದೇ: ಟೆಂಪರೇಚರ್ ಮೀಟರಿನ ಮುಳ್ಳು ಯಾವಾಗ ಮೇಲೆ ಹೋಗುತ್ತದೆ? ಸಂಪಾಜೆಯಿಂದ ಮಡಿಕೇರಿಗೆ ಲೋಡ್ ಹತ್ತುವಾಗ ಮಾತ್ರವೋ, ಕುಶಾಲನಗರದ ಸಮತಟ್ಟು ರಸ್ತೆಯಲ್ಲೂ ಹೋಗುತ್ತದೋ?

ಏರಿನಲ್ಲಿ ಮಾತ್ರ ಎಂದರೆ ಮೊದಲ ಅನುಮಾನ ಗಾಳಿಯ ಮೇಲೆ. ಸಣ್ಣ ಗೇರಿನಲ್ಲಿ ತೆವಳುವ ಗಾಡಿಗೆ ಎದುರುಗಾಳಿ ಇಲ್ಲ, ಫ್ಯಾನೇ ಗತಿ. ಬೆಲ್ಟನ್ನು ನಡುವೆ ಹೆಬ್ಬೆರಳಿನಿಂದ ಒತ್ತಿದರೆ ಸುಮಾರು 10–12 ಮಿ.ಮೀ. ತಗ್ಗಬೇಕು, ಅದಕ್ಕಿಂತ ಹೆಚ್ಚಾದರೆ ಸಡಿಲ. ವಿಸ್ಕಸ್ ಫ್ಯಾನ್ (ಬಿಸಿಯಾದಾಗ ಬಿಗಿ ಹಿಡಿದು ಜೋರಾಗಿ ತಿರುಗುವ ಫ್ಯಾನ್) ಇದ್ದರೆ ಬಿಸಿ ಎಂಜಿನ್ ಆಫ್ ಮಾಡಿ, ಕೀ ತೆಗೆದು, ಕೈಯಲ್ಲಿ ತಿರುಗಿಸಿ. ಬಿಗಿಯಾಗಿ ತಡೆಯಬೇಕು, ಗಿರಗಿರನೆ ತಿರುಗಿದರೆ ಫ್ಯಾನಿನ ಕ್ಲಚ್ ಹೋಗಿದೆ.

ನಮ್ಮ ಕಡೆಯ ದೊಡ್ಡ ತಲೆನೋವು ರೇಡಿಯೇಟರಿನ ಕೊಳೆ. ಕೆಂಪು ಮಣ್ಣು, ಕಾಫಿ ಹೊಟ್ಟು, ಆಯಿಲ್ ಜಿಡ್ಡು ಸೇರಿ ತೆಳು ತಗಡಿನ ಫಿನ್‌ಗಳ ಸಂದಿಯಲ್ಲಿ ಗಟ್ಟಿಯಾಗುತ್ತದೆ. ಮುಂದಿನಿಂದ ನೋಡಿದರೆ ಶುಚಿಯಾಗಿಯೇ ಕಾಣುತ್ತದೆ. ಕೊಳೆ ಕೂತಿರುವುದು ಟರ್ಬೊ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಮತ್ತು ರೇಡಿಯೇಟರ್ ನಡುವೆ. ಇಂಟರ್‌ಕೂಲರ್ ಬಿಚ್ಚಿ ಸರಿಸಿ, ಎಂಜಿನ್ ಕಡೆಯಿಂದ ಹೊರಕ್ಕೆ ನೀರು ಬಿಡಬೇಕು. ಪ್ರೆಶರ್ ವಾಷರ್ ಹತ್ತಿರ ಹಿಡಿದರೆ ಫಿನ್ ಮಡಚಿಕೊಂಡು ಇದ್ದ ಗಾಳಿಯೂ ನಿಲ್ಲುತ್ತದೆ.

ಸಮತಟ್ಟಿನಲ್ಲೂ ಹೀಟ್ ಆದರೆ ನೀರಿನ ಓಟ ನೋಡಿ: ಥರ್ಮೋಸ್ಟ್ಯಾಟ್ (ನೀರು ಬಿಸಿಯಾದ ಮೇಲೆ ರೇಡಿಯೇಟರಿಗೆ ದಾರಿ ಬಿಡುವ ವಾಲ್ವ್), ವಾಟರ್ ಪಂಪ್, ಒಳಗೆ ಕಟ್ಟಿದ ರೇಡಿಯೇಟರ್ ಕೋರ್, ರೇಸ್ ಕೊಟ್ಟಾಗ ಒಳಕ್ಕೆ ಹೀರಿಕೊಳ್ಳುವ ಕೆಳಗಿನ ಹೋಸ್. ಥರ್ಮೋಸ್ಟ್ಯಾಟನ್ನು ಪಾತ್ರೆಯ ನೀರಿನಲ್ಲಿ ಮುಳುಗಿಸಿ ಕಾಯಿಸಿ. ಮೈಮೇಲೆ 82 (ಡಿಗ್ರಿ) ಎಂದಿದ್ದರೆ ಆ ಬಿಸಿಯ ಹತ್ತಿರ ಬಾಯಿ ಬಿಡಲು ಶುರುಮಾಡಬೇಕು. ಅದನ್ನು ಕಿತ್ತೆಸೆದು ಗಾಡಿ ಓಡಿಸುವುದು ನನಗೆ ಒಪ್ಪಿಗೆಯಿಲ್ಲ. ಕೆಲವು ಎಂಜಿನ್‌ಗಳಲ್ಲಿ ಬೈಪಾಸ್ (ನೀರು ರೇಡಿಯೇಟರಿಗೆ ಹೋಗದೆ ತಿರುಗುವ ಅಡ್ಡದಾರಿ) ತೆರೆದೇ ಉಳಿದು ಹೀಟ್ ಇನ್ನೂ ಹೆಚ್ಚುತ್ತದೆ. ಮಳೆಗಾಲದ ಚಳಿಯಲ್ಲಂತೂ ಎಂಜಿನ್ ಕಾಯದೆ ಡೀಸೆಲ್ ಕುಡಿಯುತ್ತದೆ.

ರೇಡಿಯೇಟರ್ ಕ್ಯಾಪ್ ಅಗ್ಗದ್ದೆಂದು ಬಿಡಬೇಡಿ. ಮಡಿಕೇರಿ ಸುಮಾರು 1,150 ಮೀಟರ್ ಎತ್ತರ. ತೆರೆದ ನೀರು ಅಲ್ಲಿ 96 ಡಿಗ್ರಿಗೇ ಕುದಿಯುತ್ತದೆ. 0.7 ಬಾರ್ ಕ್ಯಾಪ್ ಒತ್ತಡ ಹಿಡಿದರೆ 110 ದಾಟಿದರೂ ಕುದಿಯದು. ರಬ್ಬರ್ ಸವೆದಿದ್ದರೆ ಅದೇ ಒತ್ತಡದ ಹೊಸದು ಹಾಕಿ.

ತಣ್ಣಗಿನ ಎಂಜಿನ್ನಿಗೆ ನೀರು ತುಂಬಿ, ಕ್ಯಾಪ್ ತೆಗೆದು ಸ್ಟಾರ್ಟ್ ಮಾಡಿದಾಗ ಗುಳ್ಳೆ ನಿಲ್ಲದೆ ಬರುತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್ ಮತ್ತು ಮೇಲಿನ ಹೆಡ್ ನಡುವಿನ ಸೀಲ್) ಮೇಲೆ ಅನುಮಾನ. ಹೆಡ್ ಇಳಿಸಿದ ಮೇಲೆ ಸ್ಟ್ರೇಟ್ ಎಡ್ಜ್ ಇಟ್ಟು ಫೀಲರ್ ಗೇಜಿನಿಂದ ಬಾಗು ನೋಡದೆ ಹೊಸ ಗ್ಯಾಸ್ಕೆಟ್ ಕೂರಿಸಿದರೆ ಕೆಲಸ ಮತ್ತೆ ವಾಪಸ್ ಬರುತ್ತದೆ.

ಘಾಟಿಯಲ್ಲೇ ಮುಳ್ಳು ಕೆಂಪಿಗೆ ಹೋದರೆ? ನೀರು ಸೋರಿಲ್ಲ, ಬೆಲ್ಟ್ ಇದೆ ಎಂದಾದರೆ ಕೆಲವು ನಿಮಿಷ ಐಡ್ಲಿಂಗಿನಲ್ಲಿ ಬಿಡಿ. ಹೋಸ್ ಒಡೆದಿದ್ದರೆ, ಬೆಲ್ಟ್ ತುಂಡಾಗಿದ್ದರೆ ತಕ್ಷಣ ಆಫ್. ಮೇಲಿನ ಹೋಸ್ ಕೈಯಲ್ಲಿ ಹಿಡಿಯುವಷ್ಟು ತಣಿಯುವ ತನಕ ಕ್ಯಾಪ್ ಮುಟ್ಟಬೇಡಿ, ತೊರೆಯ ತಣ್ಣೀರನ್ನೂ ಸುರಿಯಬೇಡಿ. ಹೆಡ್ ಬಿರುಕು ಬಿಡುತ್ತದೆ. ರಿಪೇರಿ ಮುಗಿದ ಮೇಲೆ ಕೂಲೆಂಟ್ ಮತ್ತು ಶುದ್ಧ ನೀರು ಅರ್ಧರ್ಧ ಬೆರೆಸಿ ನಿಧಾನವಾಗಿ ತುಂಬಿ, ಗಾಳಿ ಹೊರಹಾಕಿ, ಮರುದಿನ ಎಂಜಿನ್ ತಣ್ಣಗಿರುವಾಗ ಮಟ್ಟ ನೋಡಿ.