ಫ್ರಾಕ್ಟಲ್ ಲೋಕಕ್ಕೆ ಎರಡು ಕಣ್ಣು ಕೊಟ್ಟ ಬಗೆ

ಮೂರು ಆಯಾಮದ ಫ್ರಾಕ್ಟಲ್‌ಗಳಿಂದ ವಿಜ್ಞಾನ ಕಥೆಗೆ ಒಪ್ಪುವ ಸ್ಟೀರಿಯೋ ಚಿತ್ರಗಳನ್ನು ಕಟ್ಟಲು ಕುಳಿತಾಗ ನಾನು ಮೊದಲು ಬಗೆಹರಿಸಿಕೊಳ್ಳುವುದು ಗಾತ್ರದ ಪ್ರಶ್ನೆಯನ್ನು. ಸೂತ್ರದಿಂದ ಹುಟ್ಟುವ ಈ ಆಕಾರಗಳಿಗೆ ತಮ್ಮದೇ ಆದ ಅಳತೆಯಿಲ್ಲ. ಎಷ್ಟು ಹತ್ತಿರ ಹೋದರೂ ಅದೇ ಬಗೆಯ ಕಮಾನುಗಳು, ಅದೇ ಬಗೆಯ ಕಂಬಗಳು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತವೆ. ಸಾಮಾನ್ಯ ಚಿತ್ರದಲ್ಲಿ ಈ ಅನಿಶ್ಚಿತತೆಯನ್ನು ನೋಡುಗರ ಕಲ್ಪನೆಗೆ ಬಿಡಬಹುದು. ಎರಡೂ ಕಣ್ಣುಗಳಿಗೆ ಬೇರೆ ಬೇರೆ ಚಿತ್ರ ಕೊಟ್ಟು ಆಳ ಮೂಡಿಸುವಾಗ ಹಾಗೆ ಬಿಡಲಾಗದು, ಏಕೆಂದರೆ ಕಂಪ್ಯೂಟರಿನೊಳಗಿನ ಎರಡು ಕಾಲ್ಪನಿಕ ಕ್ಯಾಮೆರಾಗಳ ನಡುವಿನ ಅಂತರವೇ ವಸ್ತು ಎಷ್ಟು ದೊಡ್ಡದೆಂಬುದನ್ನು ನೋಡುಗರಿಗೆ ಹೇಳಿಬಿಡುತ್ತದೆ.

ಆಕಾರಗಳ ಆಯ್ಕೆಯಲ್ಲಿ ನನ್ನ ಒಲವು ಸ್ಪಷ್ಟವಾಗಿದೆ. 2009ರಲ್ಲಿ ಡೇನಿಯಲ್ ವೈಟ್ ಮತ್ತು ಪಾಲ್ ನೈಲ್ಯಾಂಡರ್ ರೂಪಿಸಿದ ಮ್ಯಾಂಡೆಲ್‌ಬಲ್ಬ್ ಜೀವಿಯಂತೆ ಉಬ್ಬುತಗ್ಗುಗಳಿಂದ ಕೂಡಿರುವುದರಿಂದ ಅನ್ಯಗ್ರಹದ ಹವಳದಿಬ್ಬಕ್ಕೋ ಸಸ್ಯರಾಶಿಗೋ ಹೊಂದುತ್ತದೆ. 2010ರಲ್ಲಿ ಟಾಮ್ ಲೋ ಕಂಡುಕೊಂಡ ಮ್ಯಾಂಡೆಲ್‌ಬಾಕ್ಸ್ ಮಾತ್ರ ಯಾರೋ ಕಟ್ಟಿ ಬಿಟ್ಟುಹೋದ ನಗರದಂತೆ ತೋರುತ್ತದೆ. ಮೂರು ಆಯಾಮದ ಅವಕಾಶವನ್ನು (ಸ್ಥಳವನ್ನು) ಸಮತಲಗಳ ಮೇಲೆ ಮಡಚುವುದು, ಗೋಳದೊಳಗಿನಿಂದ ಹೊರಕ್ಕೆ ತಿರುವುವುದು, ಹಿಗ್ಗಿಸಿ ಸರಿಸುವುದು ಎಂಬ ಕ್ರಿಯೆಗಳನ್ನು ಪುನರಾವರ್ತಿಸಿದಾಗ ಲಂಬಕೋನಗಳೂ ಗುಮ್ಮಟಗಳೂ ಒಟ್ಟಿಗೆ ಹುಟ್ಟುತ್ತವೆ. ಬಾಹ್ಯಾಕಾಶ ನಿಲ್ದಾಣದ ಒಡಲನ್ನು ತೋರಿಸಲು ಇದಕ್ಕಿಂತ ಉತ್ತಮವಾದ ಕಚ್ಚಾವಸ್ತು ನನಗೆ ದೊರೆತಿಲ್ಲ. ಸಿದ್ಧ ಮಾದರಿಯ ಅಂತರಿಕ್ಷ ನೌಕೆಯೊಂದನ್ನು ತಂದು ಮುಂದೆ ನಿಲ್ಲಿಸುವ ರೂಢಿಯೂ ಇದೆ. ಅದರಿಂದ ಚಿತ್ರ ಅಗ್ಗವಾಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಅಳತೆಯನ್ನು ನಾನು ಬಾಗಿಲಿನಿಂದ ಆರಂಭಿಸುತ್ತೇನೆ. ದೃಶ್ಯದೊಳಗೆ ಅಲೆದಾಡಿ, ಮನುಷ್ಯನೊಬ್ಬ ಹಾದುಹೋಗಬಹುದು ಎನಿಸುವ ತೆರವೊಂದನ್ನು ಆರಿಸಿ, ಅದರ ಎತ್ತರ ಎರಡು ಮೀಟರ್ ಎಂದು ಗೊತ್ತುಮಾಡಿಕೊಳ್ಳುತ್ತೇನೆ. ಸ್ಕೇಲ್, ಅಂದರೆ ಹಿಗ್ಗಿಸುವ ಪ್ರಮಾಣ, 2 ಇರುವ ಮ್ಯಾಂಡೆಲ್‌ಬಾಕ್ಸ್ ಪ್ರತಿ ಅಕ್ಷದ ಮೇಲೂ -6ರಿಂದ 6ರವರೆಗೆ, ಅಂದರೆ ಸೂತ್ರದ ಅಳತೆಯಲ್ಲಿ 12 ಮಾನಗಳಷ್ಟು ಚಾಚಿಕೊಂಡಿರುತ್ತದೆ. ಆರಿಸಿದ ಬಾಗಿಲು 0.004 ಮಾನದಷ್ಟಿದ್ದರೆ ಇಡೀ ಪೆಟ್ಟಿಗೆಯ ಒಂದು ಅಂಚು ಆರು ಕಿಲೋಮೀಟರ್ ಉದ್ದವಾಗುತ್ತದೆ. ಮನುಷ್ಯನ ಕಣ್ಣುಗಳ ನಡುವಿನ ಅಂತರ ಸುಮಾರು 65 ಮಿಲಿಮೀಟರ್ ಆದ್ದರಿಂದ, ಅದೇ ಲೆಕ್ಕದಲ್ಲಿ ಎರಡು ಕ್ಯಾಮೆರಾಗಳ ಅಂತರ 0.00013 ಮಾನ. ಈ ಸಂಖ್ಯೆಯನ್ನು ಹತ್ತು ಪಟ್ಟು ಹಿಗ್ಗಿಸಿದರೆ ಆಳವೇನೋ ಅಬ್ಬರದಿಂದ ಕಾಣುತ್ತದೆ, ಆದರೆ ಆರು ಕಿಲೋಮೀಟರಿನ ನಗರ ಆರುನೂರು ಮೀಟರಿನ ಮಾದರಿಯಷ್ಟಕ್ಕೆ ಕುಗ್ಗುತ್ತದೆ. ಬಹುಪಾಲು ಫ್ರಾಕ್ಟಲ್ ಸ್ಟೀರಿಯೋ ಚಿತ್ರಗಳು ನನಗೆ ರುಚಿಸದಿರುವುದು ಈ ಕಾರಣದಿಂದಲೇ.

ಇದಕ್ಕೆ ವಿರುದ್ಧವಾದ ತೊಡಕೂ ಉಂಟು. ಹತ್ತಿರದ ಗೋಡೆಯೇ ಐದುನೂರು ಮೀಟರ್ ಆಚೆಗಿದ್ದರೆ 65 ಮಿಲಿಮೀಟರಿನ ಅಂತರದಿಂದ ಆಳವೇ ಹುಟ್ಟುವುದಿಲ್ಲ. ಕ್ಯಾಮೆರಾಗಳ ಅಂತರವು ಅತಿ ಸಮೀಪದ ವಸ್ತುವಿನ ದೂರದ ಮೂವತ್ತನೆಯ ಒಂದು ಭಾಗದಷ್ಟಿರಬೇಕೆಂಬುದು ಸ್ಟೀರಿಯೋ ಛಾಯಾಗ್ರಾಹಕರ ಹಳೆಯ ನಿಯಮ. ಆ ಪ್ರಕಾರ ಸುಮಾರು ಎರಡು ಮೀಟರ್ ದೂರದಲ್ಲಿ ಏನಾದರೂ ಇರಲೇಬೇಕು. ಹಾಗಾಗಿ ನಾನು ಕ್ಯಾಮೆರಾವನ್ನು ಬಯಲಿನಲ್ಲಿ ತೇಲಿಬಿಡದೆ ಒಂದು ಚಾಚುಕಟ್ಟೆಯ ಅಂಚಿನಲ್ಲೋ ಮುರಿದ ಕಮಾನಿನ ಒಳಗೋ ನಿಲ್ಲಿಸುತ್ತೇನೆ. ಹತ್ತಿರದ ಅಂಚು ಆಳದ ಅನುಭವವನ್ನು ಕೊಡುತ್ತದೆ, ಅದರಾಚೆಗಿನ ಪ್ರಪಾತ ತನ್ನ ನಿಜವಾದ ವೈಶಾಲ್ಯವನ್ನು ಉಳಿಸಿಕೊಳ್ಳುತ್ತದೆ.

ಕ್ಯಾಮೆರಾಗಳನ್ನು ಒಂದಕ್ಕೊಂದು ಮುಖಮಾಡಿ ಒಳಕ್ಕೆ ತಿರುಗಿಸಬಾರದು. ಹಾಗೆ ಮಾಡಿದರೆ ಚಿತ್ರದ ಮೂಲೆಗಳಲ್ಲಿ ಎಡ ಬಲ ಚಿತ್ರಗಳ ನಡುವೆ ಮೇಲೆ ಕೆಳಗಿನ ವ್ಯತ್ಯಾಸ ಹುಟ್ಟಿ ಕಣ್ಣು ದಣಿಯುತ್ತದೆ. ಎರಡನ್ನೂ ಸಮಾಂತರವಾಗಿಟ್ಟು, ಬೇಕಾದುದಕ್ಕಿಂತ ತುಸು ಅಗಲವಾಗಿ ರೆಂಡರ್ ಮಾಡಿ (ಕಂಪ್ಯೂಟರಿನಿಂದ ಚಿತ್ರ ಬಿಡಿಸಿ), ನಂತರ ಚಿತ್ರಗಳನ್ನು ಅಡ್ಡಲಾಗಿ ಸರಿಸಿ ಅಂಚು ಕತ್ತರಿಸುತ್ತೇನೆ. ಮ್ಯಾಂಡೆಲ್‌ಬಲ್ಬರ್ ಎಂಬ ಉಚಿತ ತಂತ್ರಾಂಶದಲ್ಲಿ ಸ್ಟೀರಿಯೋ ಸೌಲಭ್ಯ ಇದ್ದರೂ ನಾನು ಎರಡು ಚಿತ್ರಗಳನ್ನು ಬೇರೆ ಬೇರೆಯಾಗಿಯೇ ಉಳಿಸಿಕೊಳ್ಳುತ್ತೇನೆ, ಸರಿಸುವಿಕೆಯನ್ನು ಆಮೇಲೆ ಬದಲಿಸಬೇಕಾಗುತ್ತದೆ. ದೃಶ್ಯದ ಇನ್ನೂ ಆಳಕ್ಕಿಳಿದು ಕ್ಯಾಮೆರಾಗಳ ಅಂತರ ಹತ್ತು ಲಕ್ಷದಲ್ಲಿ ಒಂದು ಮಾನದ ಸಮೀಪಕ್ಕೆ ಬಂದಾಗ ಕಡಿಮೆ ಅಂಕೆಗಳ ನಿಖರತೆಯ ಸಿಂಗಲ್ ಪ್ರಿಸಿಷನ್ ಲೆಕ್ಕಾಚಾರ ಸಾಲದು, ಹೆಚ್ಚು ಅಂಕೆಗಳ ಡಬಲ್ ಪ್ರಿಸಿಷನ್ ಬೇಕು.

ಹೆಚ್ಚು ಶ್ರಮ ಬೇಡುವುದು ವಿವರದ ನಿಯಂತ್ರಣ. ಈ ತಂತ್ರಾಂಶಗಳು ಪ್ರತಿಯೊಂದು ಕಿರಣವನ್ನೂ ಮೇಲ್ಮೈಯಿಂದ ಅದು ಕನಿಷ್ಠ ಎಷ್ಟು ದೂರದಲ್ಲಿದೆಯೆಂದು ಅಂದಾಜು ಮಾಡುತ್ತ, ಅಷ್ಟಷ್ಟೇ ಮುಂದಕ್ಕೆ ಸರಿಸುತ್ತವೆ. ಆ ದೂರ ಒಂದು ಮಿತಿಗಿಂತ ಕಡಿಮೆಯಾದಾಗ ಮೇಲ್ಮೈ ಸಿಕ್ಕಿತೆಂದು ನಿಲ್ಲುತ್ತವೆ. ಮಿತಿಯನ್ನು ತೀರ ಸಣ್ಣದಾಗಿಸಿದರೆ ಒಂದು ಪಿಕ್ಸೆಲಿಗಿಂತ ಕಿರಿದಾದ ಏರಿಳಿತಗಳು ಧೂಳಿನ ಕಣಗಳಂತೆ ಮೂಡುತ್ತವೆ. ಎಡಗಣ್ಣಿಗೆ ಬಿದ್ದ ಕಣ ಬಲಗಣ್ಣಿಗೆ ಬೀಳದಿರುವುದರಿಂದ ಸ್ಟೀರಿಯೋದಲ್ಲಿ ಮೇಲ್ಮೈಯೆಲ್ಲ ಮಿನುಗಿ ಅದರ ಸ್ಥಾನವೇ ತಿಳಿಯದಂತಾಗುತ್ತದೆ. ಆದ್ದರಿಂದ ನಾನು ಸಾಮಾನ್ಯ ಚಿತ್ರಕ್ಕಿಂತ ಕಡಿಮೆ ವಿವರವನ್ನು ಇಟ್ಟುಕೊಂಡು, ಎರಡು ಪಟ್ಟು ಗಾತ್ರದಲ್ಲಿ ರೆಂಡರ್ ಮಾಡಿ, ಬಳಿಕ ಕುಗ್ಗಿಸುತ್ತೇನೆ. ಕನ್ನಡಿಯಂಥ ಹೊಳಪನ್ನೂ ಹಿನ್ನೆಲೆ ಮಸುಕಾಗಿಸುವ ಪರಿಣಾಮವನ್ನೂ ಪೂರ್ತಿ ಕೈಬಿಡುತ್ತೇನೆ.

ಬೆಳಕಿನಲ್ಲಿ ಕಥೆಗೆ ನಿಷ್ಠವಾಗಿರಬೇಕೆಂಬ ಹಟ ನನಗಿದೆ. ನಿರ್ವಾತದಲ್ಲಿ ಮಂಜಿರುವುದಿಲ್ಲ, ಹಾಗಾಗಿ ಹೊರಗಿನ ದೃಶ್ಯಗಳಲ್ಲಿ ದೂರವನ್ನು ಮಂಜಿನಿಂದ ಸೂಚಿಸುವುದಿಲ್ಲ. ಒಳಾಂಗಣಗಳಲ್ಲಿ ಮಾತ್ರ ತೆಳುವಾಗಿ ಬಳಸುತ್ತೇನೆ. ಒಂದೇ ಸೂರ್ಯನ ಬೆಳಕಿನಲ್ಲಿ ನೆರಳು ಕಪ್ಪಾಗುತ್ತದೆ, ಕಪ್ಪಿನಲ್ಲಿ ಎರಡು ಕಣ್ಣಿಗೂ ಹೋಲಿಸಲು ಏನೂ ಸಿಗದೆ ಆಳ ಮಾಯವಾಗುತ್ತದೆ. ಇದಕ್ಕೆ ಕೆಳಗೊಂದು ಗ್ರಹವಿದೆಯೆಂದು ಭಾವಿಸಿ ಅದರಿಂದ ಚಿಮ್ಮಿದ ಮಂದ ಬೆಳಕನ್ನು ಸೇರಿಸುತ್ತೇನೆ. ಕಿಟಕಿಗಳ ದೀಪಗಳು ಆರ್ಬಿಟ್ ಟ್ರ್ಯಾಪ್ ಬಣ್ಣಗಾರಿಕೆಯಿಂದ ಬರುತ್ತವೆ: ಪುನರಾವರ್ತನೆಯಲ್ಲಿ ಬಿಂದುವು ಒಂದು ರೇಖೆಯ ಸಮೀಪ ಬಂದ ಕನಿಷ್ಠ ದೂರವನ್ನು ಅಳೆದು, ಬಣ್ಣಪಟ್ಟಿಯ ಕಿರಿದಾದ ಒಂದು ಭಾಗವನ್ನು ಮಾತ್ರ ಬೆಳಗಿಸಿದರೆ ಗೋಡೆಯುದ್ದಕ್ಕೂ ದೀಪಗಳ ಸಾಲು ಏಳುತ್ತದೆ. ನಕ್ಷತ್ರಗಳನ್ನು ಚಿತ್ರಗಳನ್ನು ಸರಿಸುವ ಮೊದಲೇ, ಎರಡರಲ್ಲೂ ಒಂದೇ ಪಿಕ್ಸೆಲಿನಲ್ಲಿ ಸೇರಿಸಬೇಕು. ನಂತರ ಸೇರಿಸಿದರೆ ಅವು ನಿಲ್ದಾಣದ ಮುಂದೆ, ಚಿತ್ರದ ಚೌಕಟ್ಟಿನ ಮಟ್ಟದಲ್ಲಿ ತೂಗಾಡುತ್ತವೆ.

ಕೆಂಪು ಮತ್ತು ಸಯಾನ್ (ಹಸಿರುನೀಲಿ) ಕನ್ನಡಕಕ್ಕಾಗಿ ಎರಡೂ ಚಿತ್ರಗಳನ್ನು ಬಣ್ಣಗಳಿಂದ ಬೇರ್ಪಡಿಸಿ ಒಂದರ ಮೇಲೊಂದು ಇಡುವ ಆನಾಗ್ಲಿಫ್ ಮಾಡುವಾಗ ಅಪಾಯ ಸೂಚಿಸುವ ಅಚ್ಚಗೆಂಪು ದೀಪ ಒಂದು ಕಣ್ಣಿಗೆ ಉರಿಯುತ್ತದೆ, ಇನ್ನೊಂದಕ್ಕೆ ಆರಿರುತ್ತದೆ. ಅದರ ಬದಲು ಹಸಿರಿನಂಶವೂ ಇರುವ ಜೇನುಬಣ್ಣವನ್ನು ಆರಿಸುತ್ತೇನೆ. ಕೊನೆಗೆ ಪರದೆಯ ಅಗಲವನ್ನು ನೋಡಬೇಕು. ಎಡ ಬಲ ಚಿತ್ರಗಳ ನಡುವೆ ಹತ್ತಿರದ ಮತ್ತು ದೂರದ ಬಿಂದುಗಳು ಸರಿಯುವುದರಲ್ಲಿನ ವ್ಯತ್ಯಾಸ, ಅಂದರೆ ಸ್ಥಾನಾಂತರವು, ಚಿತ್ರದ ಅಗಲದ ಮೂವತ್ತನೆಯ ಒಂದು ಭಾಗವಿದ್ದರೆ 1920 ಪಿಕ್ಸೆಲ್ ಅಗಲದ ಚಿತ್ರದಲ್ಲಿ ಅದು 64 ಪಿಕ್ಸೆಲ್. ಕಂಪ್ಯೂಟರ್ ಪರದೆಯಲ್ಲಿ ಇದು ಹಿತವಾಗಿರುತ್ತದೆ. ಎರಡು ಮೀಟರ್ ಅಗಲದ ಪರದೆಗೆ ಪ್ರೊಜೆಕ್ಟ್ ಮಾಡಿದಾಗ ಅದೇ ಸ್ಥಾನಾಂತರ 67 ಮಿಲಿಮೀಟರ್ ಆಗಿ ಕಣ್ಣುಗಳ ಅಂತರವನ್ನು ಮೀರಿ ನೋಡಲು ಕಷ್ಟವಾಗುವುದರಿಂದ, ದೊಡ್ಡ ಪರದೆಗಾಗಿ ಕ್ಯಾಮೆರಾಗಳ ಅಂತರವನ್ನು ಕಡಿಮೆ ಮಾಡಿದ ಇನ್ನೊಂದು ಜೋಡಿಯನ್ನೇ ರೆಂಡರ್ ಮಾಡಿಟ್ಟುಕೊಳ್ಳುತ್ತೇನೆ.