ಕ್ಯಾಲಿಫೋರ್ನಿಯಾದಲ್ಲಿ ಡೈವೋರ್ಸ್ ನಡುವೆ ಸುಳ್ಳು ಆರೋಪ ಬಂದರೆ: ಮೊದಲ ಮೂರು ವಾರ

ಶೆರಿಫ್ ಕಚೇರಿಯವರು ಬಾಗಿಲಿಗೆ ಬಂದು ಒಂದು ಕಟ್ಟು ಕಾಗದ ಕೊಟ್ಟರೆ, ಮೊದಲು ಮೂಲೆಯಲ್ಲಿರುವ ಫಾರಂ ನಂಬರ್ ನೋಡಿ. ಡಿವಿ ಅಂದರೆ ಡೊಮೆಸ್ಟಿಕ್ ವಯಲೆನ್ಸ್, ಮನೆಯೊಳಗಿನ ದೌರ್ಜನ್ಯ. ಡಿವಿ-100 ಗಂಡನೋ ಹೆಂಡತಿಯೋ ನಿಮ್ಮ ಮೇಲೆ ಕೊಟ್ಟ ದೂರು. ಡಿವಿ-109ರಲ್ಲಿ ವಿಚಾರಣೆಯ ದಿನ, ಸಮಯ, ಜಾಗ ಇರುತ್ತದೆ. ಡಿವಿ-110 ತಾತ್ಕಾಲಿಕ ತಡೆ ಆದೇಶ, ಇಲ್ಲಿನವರ ಬಾಯಲ್ಲಿ ಟಿಆರ್‌ಒ. ಒಂದೇ ಕಡೆಯ ಮಾತು ನೋಡಿ ಜಡ್ಜ್ ಇದನ್ನು ಕೊಟ್ಟಿರುತ್ತಾರೆ. ನೀವು ತಪ್ಪು ಮಾಡಿದ್ದೀರಿ ಅಂತ ಇನ್ನೂ ಯಾರೂ ತೀರ್ಮಾನಿಸಿಲ್ಲ. ಆದರೆ ಕಾಗದ ಕೈಗೆ ಬಂದ ಮೇಲೆ ಅದನ್ನು ಪಾಲಿಸಲೇಬೇಕು. ಮನೆ ಬಿಡಿ ಅಂತ ಇದ್ದರೆ ಬಿಡಬೇಕು. ಗನ್ ಇದ್ದರೆ 24 ಗಂಟೆಯೊಳಗೆ ಒಪ್ಪಿಸಬೇಕು.

ನಮ್ಮವರು ಎಡವುವುದು ಸಾಮಾನ್ಯವಾಗಿ ಇಲ್ಲೇ. "ದೊಡ್ಡವರ ಕೈಲಿ ಒಂದು ಮಾತು ಹೇಳಿಸೋಣ" ಅಂತ ಮೈಸೂರಿನ ಚಿಕ್ಕಪ್ಪನಿಂದ ಫೋನ್ ಮಾಡಿಸುತ್ತಾರೆ. ಅಮ್ಮ ಬೀಗರಿಗೆ ವಾಟ್ಸಾಪ್‌ನಲ್ಲಿ ಅಳುತ್ತಾ ಮೆಸೇಜ್ ಕಳಿಸುತ್ತಾರೆ. ಊರಿನಲ್ಲಿ ಇದು ರಾಜಿ ಪಂಚಾಯ್ತಿ. ಇಲ್ಲಿ "ನೇರವಾಗಿಯಾಗಲಿ, ಬೇರೆಯವರ ಮೂಲಕವಾಗಲಿ ಸಂಪರ್ಕಿಸಬಾರದು" ಎಂಬ ಆದೇಶದ ಉಲ್ಲಂಘನೆ ಆಗಬಹುದು. ದೂರು ಕೊಟ್ಟವರೇ "ಬಾ, ಮಾತಾಡೋಣ" ಅಂತ ಕರೆದರೂ ಹೋಗಬೇಡಿ. ಆದೇಶ ಬದಲಿಸುವ ಅಧಿಕಾರ ಜಡ್ಜ್‌ಗೆ ಮಾತ್ರ. ಉಲ್ಲಂಘಿಸಿದರೆ ಅದು ಕ್ರಿಮಿನಲ್ ಅಪರಾಧ, ಒಂದು ವರ್ಷದವರೆಗೆ ಜೈಲು ಆಗಬಹುದು.

ಎಚ್-1ಬಿ ವೀಸಾ, ಎಚ್-4 ವೀಸಾ, ಗ್ರೀನ್ ಕಾರ್ಡ್ ಯಾವುದರಲ್ಲಿದ್ದರೂ ಇದನ್ನು ಮರೆಯಬೇಡಿ. ತಡೆ ಆದೇಶ ಬಂದ ಮಾತ್ರಕ್ಕೆ ಅದು ಶಿಕ್ಷೆ ಅಲ್ಲ. ಆದರೆ ಬೆದರಿಕೆ, ಕಿರುಕುಳದಿಂದ ಕಾಪಾಡುವ ಆದೇಶವನ್ನು ಮುರಿದಿದ್ದೀರಿ ಎಂದು ಕೋರ್ಟ್ ತೀರ್ಮಾನಿಸಿದರೆ ವಲಸೆ ಕಾನೂನಿನಲ್ಲಿ ಅದು ದೇಶದಿಂದ ಹೊರಗೆ ಕಳಿಸಲು ಕಾರಣ. ಅಂದರೆ ಮೂಲ ಆರೋಪ ಸುಳ್ಳೇ ಆಗಿದ್ದರೂ, ಸಿಟ್ಟಿನಲ್ಲಿ ಮಾಡಿದ ಒಂದು ಫೋನ್ ನಿಜವಾದ ಅಪರಾಧ ಆಗಿಬಿಡಬಹುದು.

ಪೊಲೀಸರು ವಿಚಾರಿಸಲು ಬಂದರೆ "ನಾನು ಏನೂ ಮಾಡಿಲ್ಲ, ಎಲ್ಲ ವಿವರಿಸಿಬಿಡ್ತೀನಿ" ಅನ್ನುವ ಆತುರ ಬೇಡ. ಹೆಸರು ಹೇಳಿ, ಲಾಯರ್ ಬೇಕು ಅನ್ನಿ, ಸುಮ್ನಿರಿ. ಕ್ರಿಮಿನಲ್ ಕೇಸ್ ಇದ್ದರೆ, ಇಲ್ಲವೇ ಬರುವ ಸೂಚನೆ ಇದ್ದರೆ, ಫ್ಯಾಮಿಲಿ ಕೋರ್ಟ್‌ಗೆ ಬರೆದು ಕೊಡುವ ಹೇಳಿಕೆಯನ್ನೂ ಮೊದಲು ಕ್ರಿಮಿನಲ್ ಲಾಯರ್‌ಗೆ ತೋರಿಸಿ. ಬೇಗ ಮುಗಿಯಲಿ ಅಂತ ಸಣ್ಣ ತಪ್ಪೊಪ್ಪಿಗೆಗೆ ಸಹಿ ಹಾಕುವ ಮುಂಚೆ ವೀಸಾ ಮೇಲೆ ಏನಾಗುತ್ತದೆ ಅಂತ ಕೇಳಿ. ಅದನ್ನು ಹೇಳುವುದು ಕ್ರಿಮಿನಲ್ ಲಾಯರ್‌ನ ಕರ್ತವ್ಯ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಅರೆಸ್ಟ್ ಆಗಿದ್ದರೆ, ಶಿಕ್ಷೆ ಆಗದಿದ್ದರೂ, ವೀಸಾ ಸ್ಟ್ಯಾಂಪಿಂಗ್‌ಗೆ ತುಂಬುವ ಡಿಎಸ್-160 ಫಾರಂ ಅದನ್ನು ಕೇಳುತ್ತದೆ.

ವಿಚಾರಣೆ ಸಾಮಾನ್ಯವಾಗಿ 21 ದಿನದೊಳಗೆ ಇರುತ್ತದೆ. ನಿಮ್ಮ ಉತ್ತರ ಡಿವಿ-120 ಫಾರಂನಲ್ಲಿ, ಅದಕ್ಕೆ ಫೀಸ್ ಇಲ್ಲ. ತಯಾರಾಗಲು ಸಮಯ ಸಾಲದಿದ್ದರೆ ಒಂದು ಸಲ ಮುಂದೂಡಿಸಿಕೊಳ್ಳುವ ಹಕ್ಕು ನಿಮಗಿದೆ. ಆದರೆ ಅಲ್ಲಿಯವರೆಗೆ ಟಿಆರ್‌ಒ ಕೂಡ ಸಾಮಾನ್ಯವಾಗಿ ಮುಂದುವರಿಯುತ್ತದೆ.

ಉತ್ತರ ಬರೆಯುವ ರೀತಿ ಮುಖ್ಯ. "ಅವಳು ಮಹಾ ಸುಳ್ಳಿ, ಎಲ್ಲಾ ಅವರಮ್ಮ ಹೇಳಿಕೊಟ್ಟದ್ದು" ಅಂತ ನಾಲ್ಕು ಪುಟ ಬರೆದರೆ ಜಡ್ಜ್‌ಗೆ ಕಾಣುವುದು ನಿಮ್ಮ ಸಿಟ್ಟು ಮಾತ್ರ. ದೂರಿನಲ್ಲಿ "ಮಾರ್ಚ್ 8ರ ಸಂಜೆ 7ಕ್ಕೆ ಮಗುವಿನ ಮುಂದೆ ಲ್ಯಾಪ್‌ಟಾಪ್ ಎಸೆದರು" ಅಂತಿದೆ ಅಂದುಕೊಳ್ಳಿ. ಉತ್ತರ ಹೀಗಿರಲಿ: "ಆ ಹೊತ್ತಿಗೆ ನಾನು ಆಫೀಸಿನಲ್ಲಿದ್ದೆ. ಬ್ಯಾಡ್ಜ್ ದಾಖಲೆಯ ಪ್ರಕಾರ ಹೊರಬಂದದ್ದು 8:40ಕ್ಕೆ. ಫಾಸ್ಟ್ರ್ಯಾಕ್ ಟೋಲ್ ಬಿಲ್‌ನಲ್ಲಿ ಸೇತುವೆ ದಾಟಿದ್ದು 9:05." ಅಷ್ಟೇ, ಮುಂದಿನ ಆರೋಪಕ್ಕೆ ಹೋಗಿ. ವಾಟ್ಸಾಪ್ ಮಾತುಕತೆ ಕೊಡುವುದಾದರೆ ಪೂರ್ತಿ ಕೊಡಿ, ಕತ್ತರಿಸಿದ ಸ್ಕ್ರೀನ್‌ಶಾಟ್ ಅಲ್ಲ. ಹಳೆಯದನ್ನು ಅಳಿಸಬೇಡಿ, ನಿಮ್ಮ ಬೈಗುಳ ಇದ್ದರೂ ಸರಿ. ಕದ್ದು ರೆಕಾರ್ಡ್ ಮಾಡಬೇಡಿ. ಈ ರಾಜ್ಯದಲ್ಲಿ ಖಾಸಗಿ ಮಾತನ್ನು ಎಲ್ಲರ ಒಪ್ಪಿಗೆ ಇಲ್ಲದೆ ರೆಕಾರ್ಡ್ ಮಾಡುವುದೇ ಸಾಮಾನ್ಯವಾಗಿ ಅಪರಾಧ.

"ನಾನು ಕೈ ಎತ್ತಿಲ್ಲ" ಅನ್ನುವುದೊಂದೇ ಇಲ್ಲಿ ಉತ್ತರ ಆಗುವುದಿಲ್ಲ. 2021ರಿಂದ ಇಲ್ಲಿನ ಕಾನೂನು, ಸಂಗಾತಿಯನ್ನು ಹಿಡಿತದಲ್ಲಿಡುವುದನ್ನೂ ಹೆಸರಿಸಿ ದೌರ್ಜನ್ಯಕ್ಕೆ ಸೇರಿಸಿದೆ. ದುಡ್ಡು ಕೊಡದೆ ಕೂರಿಸುವುದು, ಸ್ನೇಹಿತರಿಂದ ದೂರ ಮಾಡುವುದು, ಫೋನ್ ಮೇಲೆ ಕಣ್ಣಿಡುವುದು ಇವೆಲ್ಲ ಅದರಲ್ಲಿ ಬರಬಹುದು. ಆದ್ದರಿಂದ ದೂರನ್ನು ಪ್ರಾಮಾಣಿಕವಾಗಿ ಓದಿ. ಹತ್ತರಲ್ಲಿ ಎರಡು ನಿಜ ಇದ್ದರೆ ಹತ್ತನ್ನೂ ಸುಳ್ಳು ಅನ್ನುವುದು ಆತ್ಮಹತ್ಯೆ. ಆ ಎರಡನ್ನು ಏನು ಮಾಡಬೇಕು ಅಂತ ಲಾಯರ್ ಹತ್ತಿರ ಮಾತಾಡಿ. ನಿಜವಾಗಿ ಏಟು ತಿಂದವರಿಗಾಗಿಯೇ ಈ ಕಾನೂನು ಬಂದಿದ್ದು, ಅಂಥವರನ್ನು ಜಡ್ಜ್ ದಿನಾ ನೋಡುತ್ತಾರೆ, ಅಲ್ವಾ?

ಮಕ್ಕಳಿದ್ದರೆ ಪೆಟ್ಟು ದೊಡ್ಡದು. ಡೈವೋರ್ಸ್‌ಗೆ ಇಲ್ಲಿ 1970ರಿಂದ ಯಾರ ತಪ್ಪು ಅಂತ ಕೇಳುವುದಿಲ್ಲ. ಆದರೆ ಹಿಂದಿನ ಐದು ವರ್ಷದಲ್ಲಿ ಒಬ್ಬರು ದೌರ್ಜನ್ಯ ಮಾಡಿದ್ದಾರೆ ಎಂದು ಜಡ್ಜ್ ತೀರ್ಮಾನಿಸಿದರೆ, ಆ ತಂದೆಗೋ ತಾಯಿಗೋ ಮಗುವಿನ ಕಸ್ಟಡಿ ಕೊಡಬಾರದು ಎಂಬ ಊಹೆಯಿಂದಲೇ ಕೋರ್ಟ್ ಶುರು ಮಾಡುತ್ತದೆ. ಟಿಆರ್‌ಒ ಒಂದರಿಂದಲೇ ಹಾಗಾಗುವುದಿಲ್ಲ. ಅದಕ್ಕೇ ವಿಚಾರಣೆಗೆ ಹೋಗದೆ ಇರಬೇಡಿ. ನಡುವೆ ಬೇರೆಯವರ ಮೇಲ್ವಿಚಾರಣೆಯಲ್ಲಿ ಮಗುವನ್ನು ನೋಡಿ ಅಂತ ಕೋರ್ಟ್ ಹೇಳಿದರೆ ಅವಮಾನ ಅಂತ ಬಿಡಬೇಡಿ, ಪ್ರತಿ ಸಲವೂ ಹೋಗಿ. "ಅಮ್ಮ ಏನಂದ್ಲು?" ಅಂತ ಮಗುವನ್ನು ಕೇಳಬೇಡಿ.

ಲಾಯರ್‌ಗೆ ದುಡ್ಡಿಲ್ಲದಿದ್ದರೆ ಪ್ರತಿ ಕೌಂಟಿಯ ಸುಪೀರಿಯರ್ ಕೋರ್ಟ್‌ನಲ್ಲೂ ಉಚಿತ ಸೆಲ್ಫ್ ಹೆಲ್ಪ್ ಸೆಂಟರ್ ಇದೆ. ಫಾರಂ ತುಂಬಲು ನೆರವಾಗುತ್ತಾರೆ, ನಿಮ್ಮ ಪರ ವಾದ ಮಾಡುವುದಿಲ್ಲ. ಇಂಗ್ಲಿಷ್ ತೊಡಕಾದರೆ ದುಭಾಷಿ ಬೇಕು ಅಂತ ಮೊದಲೇ ಕೇಳಿ.

ಗೆದ್ದ ಮೇಲೆ ಮಾನನಷ್ಟ ಕೇಸ್ ಹಾಕುವ ಆಸೆ ಇದ್ದರೆ ಬಿಡಿ. ಕೋರ್ಟ್‌ಗೆ ಕೊಟ್ಟ ಹೇಳಿಕೆಯ ಮೇಲೆ ಸಾಮಾನ್ಯವಾಗಿ ಅದು ನಿಲ್ಲುವುದಿಲ್ಲ. ಸತಾಯಿಸಲೆಂದೇ ಅರ್ಜಿ ಹಾಕಿದ್ದರು ಎಂದು ತೋರಿಸಿದರೆ ಲಾಯರ್ ಖರ್ಚು ಕೇಳಬಹುದು.